ಕೊರಳಿಗೆ ಬಂದ ವೆನಿಸ್ಸಿನ ಚಿನ್ನ

ಹಡಗಲಿಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿನ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ರೋಮ್ ಮತ್ತು ಬೈಜಾಂಟಿಯಂ ದೊರೆಗಳ ಚಿನ್ನದ ನಾಣ್ಯಗಳಿದ್ದವು. ದಕ್ಷಿಣ ಭಾರತದಲ್ಲಿ ದೊರೆತ ಬೈಜಾಂಟಿನ್ ನಾಣ್ಯಗಳಲ್ಲಿ ಹಲವಕ್ಕೆ ದೊರೆಯ ತಲೆಯ ಮೇಲ್ಗಡೆ ಎರಡೆರಡು ತೂತು. ದಾರಕ್ಕೆ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲುತ್ತದೆ.

ಹರಾಜಿನಲ್ಲಿ ತೂತುಬಿದ್ದ ನಾಣ್ಯಕ್ಕೆ ಬೆಲೆ ಇಳಿಯುತ್ತದೆ. ಆದರೆ ಇಲ್ಲಿನ ಸಂಗ್ರಹಕಾರ ಮೊದಲು ನೋಡಬೇಕಾದ್ದು ಆ ತೂತನ್ನೇ. ಪರದೇಶದ ದುಡ್ಡು ನಮ್ಮವರ ಒಡವೆಯಾದದ್ದಕ್ಕೆ ಅದೇ ಸಾಕ್ಷಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರಿಗೆ ಹಂಪಿ ದೂರವೇನಲ್ಲ. ವೆನಿಸ್ ಕಡೆಯ ನಿಕೊಲೊ ಕೊಂಟಿ ಅಲ್ಲಿಗೆ ಬಂದದ್ದು 1420ರ ಸುಮಾರಿಗೆ. ಅದೇ ಕಡೆಯ ವರ್ತಕ ಚೆಸಾರೆ ಫೆಡೆರಿಚಿ ಬಂದದ್ದು 1567ರಲ್ಲಿ, ನಗರ ಹಾಳಾದ ಮೇಲೆ. ಅವರ ನಾಡಿನ ಚಿನ್ನದ ನಾಣ್ಯ ಡುಕಾಟ್ 1284ರಲ್ಲಿ ಹುಟ್ಟಿ, 1797ರಲ್ಲಿ ವೆನಿಸ್ ಗಣರಾಜ್ಯ ಮುಳುಗುವವರೆಗೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಹೊರಬಿತ್ತು. ಒಂದು ಬದಿಯಲ್ಲಿ ಸಂತ ಮಾರ್ಕನಿಂದ ಧ್ವಜ ಪಡೆಯುತ್ತ ಮಂಡಿಯೂರಿದ ದೊರೆ, ಇನ್ನೊಂದರಲ್ಲಿ ನಕ್ಷತ್ರಗಳ ನಡುವೆ ನಿಂತ ಕ್ರಿಸ್ತ. ತೂಕ ಸುಮಾರು 3.5 ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ವಿಜಯನಗರದ ವರಾಹ ಸುಮಾರು 3.4 ಗ್ರಾಂ. ಸರಾಫನ ತಕ್ಕಡಿಗೆ ಎರಡೂ ನೆಂಟರೇ.

ನಮ್ಮ ಅಕ್ಕಸಾಲಿಗರು ಡುಕಾಟನ್ನೇ ನೋಡಿ ತಾವೂ ಅಚ್ಚು ಹಾಕಿದರು. ಅಂಥವನ್ನು ಪೋಣಿಸಿದ ಪುತಳಿ ಸರದ ಬಿಲ್ಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ಬಯಲಾಗುತ್ತದೆ: ಆಕೃತಿಗಳು ಗುರುತು ಸಿಗುವಂತಿರುತ್ತವೆ, ಸುತ್ತಲಿನ ಲ್ಯಾಟಿನ್ ಅಕ್ಷರ ಮಾತ್ರ ಬರೀ ಗೀಟು, ಚುಕ್ಕೆ. ಅಕ್ಷರ ಓದಲು ಬರದವನ ಕೈಗೆಲಸವದು. ಇದನ್ನು ಖೋಟಾ ಎಂದು ತಳ್ಳಿಬಿಡುವುದು ತಪ್ಪು, ಡುಕಾಟ್ ಎಂದು ಮಾರುವುದು ಇನ್ನೂ ತಪ್ಪು.

ಆಮೇಲಿನ ಕಾಲದ್ದು ಬ್ರಿಟಿಷ್ ಸವರನ್. 7.98 ಗ್ರಾಂ, 22 ಕ್ಯಾರಟ್, ಕುದುರೆಯೇರಿ ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್. 1918ರ ಇಸವಿಯ ಮೇಲೆ ಪುಟ್ಟ ‘ಐ’ ಅಕ್ಷರವಿದ್ದರೆ ಅದು ಲಂಡನ್ನಿನದಲ್ಲ, ಬೊಂಬಾಯಿ ಟಂಕಸಾಲೆಯದು. ಅಂಥವು ಸುಮಾರು 13 ಲಕ್ಷ ಅಚ್ಚಾದವು. ಸರಕ್ಕೆ ಕೊಂಡಿ ಬೆಸೆದಿದ್ದರೆ ಆ ಜಾಗದ ಅಂಚು ಸವೆದಿರುತ್ತದೆ; ಕೊಂಡಿ ಕಿತ್ತು ಉಜ್ಜಿದ್ದರೂ ಗುರುತು ಉಳಿದೇ ಇರುತ್ತದೆ.

ಹರಪನಹಳ್ಳಿಯ ಹೊಲದಲ್ಲಿ ನೇಗಿಲಿಗೆ ಕುಡಿಕೆ ಸಿಕ್ಕರೆ ಮಾತು ಬೇರೆ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರಕ್ಕೂ ಪರವಾನಗಿ ಬೇಕು.

ಅಜ್ಜಿಯ ಸರ ಮುರಿಸಿ ಹೊಸ ಬಳೆ ಮಾಡಿಸುವ ಮನೆಗಳು ಅದಕ್ಕೂ ಮುಂಚೆ ಒಂದೊಂದು ಬಿಲ್ಲೆಯ ತೂಕ ಬರೆದಿಟ್ಟು, ಎರಡೂ ಬದಿಯ ಫೋಟೊ ತೆಗೆದು, ತಿಳಿದವರಿಗೆ ತೋರಿಸಲಿ. ಕರಗಿಸಿದರೆ ಕೈಗೆ ಬರುವುದು ಚಿನ್ನದ ದರವಷ್ಟೇ.