ಕುಸ್ತಿಯ ಮಾತು, ಓದಿನ ಮಾತು

ಅಕ್ಕ ತಂಗಿಯರೇ,

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಜಾತ್ರೆ ಅಂದರೆ ಕುಸ್ತಿ. ಯಾರು ಗೆದ್ದರು, ಯಾವ ಪಟ್ಟು ಹಾಕಿದರು, ಇದೇ ಮಾತು. ನಾವು ಬಾಯಿ ತೆರೆದರೆ, "ನಿಮಗೇನು ತಿಳೀತದ?" ಅಂತಾರ.

ಈಗ ನಮಗೂ ತಿಳೀತದ. ನಮ್ಮ ಕೇಂದ್ರದ ಒಬ್ಬ ಅಕ್ಕ ಖಾಶಾಬಾ ಜಾಧವರ ಕಥೆ ಓದಾಕತ್ತಾಳ. ಅವರು ಕೊಲ್ಲಾಪುರದಾಗ ಕಾಲೇಜು ಕಲಿತ ಪೈಲ್ವಾನ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು.

ಇನ್ನೊಬ್ಬಾಕಿ ಸಾಕ್ಷಿ ಮಲಿಕ್ ಕಥೆ ಹಿಡಿದಾಳ. ಒಲಿಂಪಿಕ್ಸ್ ಕುಸ್ತಿಯಲ್ಲಿ ಪದಕ ಗೆದ್ದ ಭಾರತದ ಮೊದಲ ಹೆಣ್ಣುಮಗಳು ಸಾಕ್ಷಿ. ಗೆದ್ದದ್ದು 2016ರಲ್ಲಿ.

ಆಕಿ ರಾತ್ರಿ ಮನೆಯಾಗ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಗಂಡ ಉಣ್ಣೋದು ನಿಲ್ಲಿಸಿ ಕೇಳಿದ. "ಮುಂದ ಓದು" ಅಂದ.

ನಾಳೆ ಬಂದಾಗ ಹೇಳ್ರಿ: ನೀವು ಏನು ಓದಾಕತ್ತೀರಿ?