ಸೂರ್ಯಪ್ರಕಾಶವೂ ದ್ಯುತಿಸ್ಫಟಿಕವೂ



ಜಗತ್ತಿಗೆ ಬೆಳಕನ್ನೂ ಅನ್ನವನ್ನೂ ಕೊಡುವವನು ಸೂರ್ಯನೆಂಬದು ಎಲ್ಲರೂ ಬಲ್ಲ ಮಾತು. ಆತನ ಬೆಳಕಿನಿಂದಲೇ ವಿದ್ಯುಚ್ಛಕ್ತಿಯನ್ನು ಹುಟ್ಟಿಸುವ ಸೌರಕೋಶವು ಈಗ ಹಳ್ಳಿಯ ಮನೆಗಳ ಮಾಡಿನ ಮೇಲೆಯೂ ಬಂದು ಕುಳಿತಿರುವದು. ಆದರೆ ಈ ಕೋಶವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಉಪಯೋಗಿಸುತ್ತದೆ, ಎಷ್ಟನ್ನು ವ್ಯರ್ಥವಾಗಿ ಬಿಡುತ್ತದೆ, ಆ ವ್ಯಯವನ್ನು ತಡೆಯುವ ಉಪಾಯವೇನು ಎಂಬದೇ ಇಂದಿನ ಉಪನ್ಯಾಸದ ವಿಷಯವು.

ಇದು ಕೇವಲ ಪಂಡಿತರ ವಿನೋದವಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರಸ್ಥಾವರವು ನಿರ್ಮಿತವಾಗಿದೆ. ಅದು ಮಳೆ ಅಲ್ಪವಾದ ಬಯಲುಸೀಮೆ. ಅಲ್ಲಿಯ ರೈತರು ತಮ್ಮ ನೆಲವನ್ನು ಗೇಣಿಗೆ ಕೊಟ್ಟರು. ಕುಮಟಾ ತಾಲೂಕಿನ ಹೊಳನಗದ್ದೆಯಂಥ ಗ್ರಾಮದ ಸ್ಥಿತಿಯು ಬೇರೆ. ಆ ಸೀಮೆಗೆ ಪಶ್ಚಿಮದಲ್ಲಿ ಸಮುದ್ರ, ಪೂರ್ವದಲ್ಲಿ ಸಹ್ಯಾದ್ರಿ; ಮಧ್ಯದ ಇಕ್ಕಟ್ಟಾದ ಪಟ್ಟಿಯಲ್ಲಿ ಮನೆ, ತೆಂಗು, ಗದ್ದೆ ಎಲ್ಲವೂ ಅಡಕವಾಗಬೇಕು. ಹೆಸರಿನಲ್ಲಿಯೇ ಗದ್ದೆಯನ್ನು ಹೊತ್ತಿರುವ ಊರು ವಿದ್ಯುತ್ತಿಗಾಗಿ ಗದ್ದೆಯನ್ನು ಮುಚ್ಚುವದು ಯುಕ್ತವಲ್ಲ. ಘಟ್ಟದ ಕಾಡನ್ನು ಕಡಿಯುವದೂ ಯುಕ್ತವಲ್ಲ. ಹೀಗಿರಲು, ಇದ್ದಷ್ಟು ಮಾಡಿನ ಮೇಲೆ ಬಿದ್ದ ಬೆಳಕಿನಿಂದಲೇ ಹೆಚ್ಚು ಫಲವನ್ನು ತೆಗೆಯುವದೊಂದೇ ಉಳಿದ ಮಾರ್ಗವು.

ಈಗ ಕೋಶದ ನ್ಯೂನತೆಯನ್ನು ನೋಡುವಾ. ಇಂದು ಪೇಟೆಯಲ್ಲಿ ದೊರೆಯುವ ಉತ್ತಮ ಫಲಕವು ನೂರು ಪಾಲು ಸೂರ್ಯಶಕ್ತಿಯಲ್ಲಿ ಸುಮಾರು ೨೨ ಪಾಲನ್ನು ಮಾತ್ರ ವಿದ್ಯುತ್ತನ್ನಾಗಿ ಮಾರ್ಪಡಿಸುವದು. ನಷ್ಟಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಎರಡು ಇಲ್ಲಿ ಮುಖ್ಯವಾದವು. ಮೊದಲನೆಯದು, ಸಿಲಿಕಾನ್ ಎಂಬ ಧಾತುವಿನ ನುಣುಪಾದ ಮೈಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಮೂವತ್ತಕ್ಕೂ ಮಿಕ್ಕಿ ಹಿಂದಕ್ಕೆ ಚಿಮ್ಮಿಸುವದು; ತೆಳ್ಳನೆಯ ಲೇಪದಿಂದ ಇದನ್ನು ಬಹುಮಟ್ಟಿಗೆ ತಡೆದಿರುವರು. ಎರಡನೆಯದು, ಕೆಂಪಿಗೂ ಆಚೆಗಿನ ಕಣ್ಣಿಗೆ ಕಾಣದ ಕಿರಣಗಳನ್ನು ಸಿಲಿಕಾನ್ ನಿಧಾನವಾಗಿ ಹೀರುವದರಿಂದ, ಹಾಳೆಯು ತೆಳುವಾದರೆ ಅವು ಪಾರಾಗಿ ಹೋಗುವವು. ಹಾಳೆಯನ್ನು ದಪ್ಪ ಮಾಡಿದರೋ, ಒಳಗೆ ಹುಟ್ಟಿದ ವಿದ್ಯುತ್ಕಣಗಳು ಹೊರಬರುವ ಮುನ್ನ ದಾರಿಯಲ್ಲಿಯೇ ನಶಿಸುವ ಸಂಭವವು ಹೆಚ್ಚುವದು. ಧಾತುವೂ ಬಹಳ ಬೇಕಾಗುವದು. ಅಂದಮೇಲೆ ಹಾಳೆಯು ತೆಳುವಾಗಿರಬೇಕು, ಬೆಳಕು ಮಾತ್ರ ಅದರಲ್ಲಿ ಬಹುದೂರ ಸಂಚರಿಸಬೇಕು. ಈ ವಿರೋಧವನ್ನು ಪರಿಹರಿಸುವದೇ ದ್ಯುತಿಸ್ಫಟಿಕವು. ಪಾಶ್ಚಾತ್ಯರು ಇದಕ್ಕೆ ಫೊಟೋನಿಕ್ ಕ್ರಿಸ್ಟಲ್ ಎನ್ನುವರು.

ದ್ಯುತಿಸ್ಫಟಿಕವೆಂದರೇನು? ಕಡಲ ದಂಡೆಯವರು ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮುತ್ತಿನ ಚಿಪ್ಪಿನ ಒಳಮೈಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಹೊಳೆಯುವವು. ಅದೇ ಚಿಪ್ಪನ್ನು ಅರೆದು ಪುಡಿ ಮಾಡಿದರೆ ದೊರೆಯುವದು ಬಿಳಿಯ ಹಿಟ್ಟು ಮಾತ್ರ. ದ್ರವ್ಯವು ಹಾಗೆಯೇ ಇದ್ದರೂ ಬಣ್ಣವು ಎಲ್ಲಿಗೆ ಹೋಯಿತು? ಬಣ್ಣವು ದ್ರವ್ಯದಲ್ಲಿರಲಿಲ್ಲ, ಜೋಡಣೆಯಲ್ಲಿತ್ತು. ಮಿಲ್ಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಚಿಪ್ಪಿನಲ್ಲಿ ಸುಮಾರು ಅರ್ಧ ಮೈಕ್ರಾನ್ ದಪ್ಪದ ಸುಣ್ಣದ ಬಿಲ್ಲೆಗಳು ಪದರುಪದರಾಗಿ ಕೂಡಿರುವವು. ಬೆಳಕಿನ ಅಲೆಯ ಉದ್ದವೂ ಸುಮಾರು ಅಷ್ಟೇ ಆದುದರಿಂದ, ಈ ಕ್ರಮಬದ್ಧ ಪದರುಗಳು ಕೆಲವು ಅಲೆಗಳನ್ನು ಮುಂದಕ್ಕೆ ಬಿಡದೆ ಮರಳಿಸುವವು, ಕೆಲವನ್ನು ಒಳಗೆ ಬಿಡುವವು. ನವಿಲುಗರಿಯ ಬಣ್ಣದ ಮರ್ಮವೂ ಇದೇ. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು ೧೯೩೪-೩೫ರ ಸುಮಾರಿಗೆ ಹಕ್ಕಿಗಳ ಗರಿಯನ್ನೂ ಹೊಳೆಯುವ ಚಿಪ್ಪುಗಳನ್ನೂ ಪರೀಕ್ಷಿಸಿ, ತಾವು ೧೯೩೪ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನಗಳನ್ನು ಪ್ರಕಟಿಸಿದರು. ಮುಂದೆ ೧೯೮೭ರಲ್ಲಿ ಎಲಿ ಯಾಬ್ಲೊನೊವಿಚ್ ಎಂಬವರೂ, ಭಾರತದಲ್ಲಿ ಜನಿಸಿದ ಸಜೀವ್ ಜಾನ್ ಎಂಬವರೂ, ಇಂಥ ಜೋಡಣೆಯನ್ನು ಮನುಷ್ಯನೇ ಮೂರೂ ದಿಕ್ಕಿಗೆ ರಚಿಸಿ ಬೆಳಕನ್ನು ಅಂಕೆಯಲ್ಲಿಡಬಹುದೆಂದು ಬೇರೆಬೇರೆಯಾಗಿ ಪ್ರತಿಪಾದಿಸಿದರು.

ಸೌರಕೋಶದಲ್ಲಿ ಇದರ ಪ್ರಯೋಜನವು ಹೇಗೆಂದರೆ: ಸಿಲಿಕಾನಿನ ಮೇಲ್ಮೈಯಲ್ಲಿ ತಲೆಕೆಳಗಾದ ಗೋಪುರಗಳಂಥ ಸೂಕ್ಷ್ಮ ಗುಳಿಗಳನ್ನು ಸಾಲುಸಾಲಾಗಿ, ಸಮಾನ ಅಂತರದಲ್ಲಿ ಕೊರೆಯುವರು. ನೇರವಾಗಿ ಬಂದ ಕಿರಣವು ಇಲ್ಲಿ ಪಕ್ಕಕ್ಕೆ ತಿರುಗಿ, ಹಾಳೆಯ ಉದ್ದಕ್ಕೂ ಹರಿದು, ಒಳಗೇ ಸುತ್ತುತ್ತಿರುವದು. ಗದ್ದೆಯ ನೀರು ನೇರವಾಗಿ ಹಳ್ಳಕ್ಕೆ ಇಳಿಯದಂತೆ ರೈತನು ಬದುಗಳನ್ನು ಹಾಕಿ ನಿಲ್ಲಿಸುವಂತೆ ಇದೂ ಒಂದು ಬದುವೇ ಸರಿ. ಟೊರಾಂಟೋ ವಿಶ್ವವಿದ್ಯಾಲಯದ ಜಾನ್‌ರೂ ಅವರ ಸಹಕಾರಿಯೂ ೧೯ನೆಯ ಇಸವಿಯಲ್ಲಿ, ಎಂದರೆ ೨೦೧೯ರಲ್ಲಿ, ಗಣಿತದಿಂದ ತೋರಿಸಿದ್ದೇನೆಂದರೆ, ಕೇವಲ ೧೫ ಮೈಕ್ರಾನ್ ದಪ್ಪದ ಇಂಥ ಹಾಳೆಯು ನೂರಕ್ಕೆ ೩೦ಕ್ಕೂ ಮಿಕ್ಕಿ ಫಲವನ್ನು ಕೊಡಬಲ್ಲದು. ರೂಢಿಯ ಹಾಳೆಯು ಇದರ ಹತ್ತುಪಟ್ಟು ದಪ್ಪ. ಗದ್ದೆಯ ಲೆಕ್ಕದಲ್ಲಿ ಹೇಳುವದಾದರೆ, ಇಂದಿನ ಫಲಕಕ್ಕೆ ನಾಲ್ಕು ಗುಂಟೆ ಬೇಕಾದಲ್ಲಿ ಮೂರು ಗುಂಟೆ ಸಾಕಾಗುವದು.

ಆದರೂ ಲೆಕ್ಕವೇ ಸಿದ್ಧಿಯಲ್ಲ. ಬರಿಯ ಸಿಲಿಕಾನಿನ ಕೋಶದಲ್ಲಿ ಚೀನದೇಶದ ಒಂದು ಸಂಸ್ಥೆಯು ೨೦೨೨ರಲ್ಲಿ ೨೬.೮ರ ವರೆಗೆ ಮುಟ್ಟಿತು. ಅಷ್ಟನ್ನು ಮುಟ್ಟಲು, ೧೯೫೪ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ೬ರಿಂದ ಆರಂಭವಾದ ಯಾತ್ರೆಗೆ ಅರುವತ್ತೆಂಟು ವರ್ಷಗಳು ಹಿಡಿದವು. ಅಷ್ಟು ತೆಳುವಾದ ಹಾಳೆಯು ಒಡೆಯದಂತೆ ಮಾಡುವದು, ಸೂಕ್ಷ್ಮ ಗುಳಿಗಳನ್ನು ವಿಶಾಲವಾದ ಮೈಯ ಮೇಲೆ ದೋಷವಿಲ್ಲದೆ ಅಗ್ಗವಾಗಿ ಕೊರೆಯುವದು, ಇವು ಕಠಿಣವಾದ ಕೆಲಸಗಳು. ಕರಾವಳಿಯಲ್ಲಾದರೆ ಉಪ್ಪಿನ ಗಾಳಿಯನ್ನೂ ನಾಲ್ಕು ತಿಂಗಳ ಮಳೆಯನ್ನೂ ತಾಳಬೇಕು. ಮೋಡದ ದಿನ ಎಲ್ಲ ದಿಕ್ಕಿನಿಂದ ಬರುವ ಮಂದವಾದ ಬೆಳಕನ್ನೂ ಹಿಡಿಯಬೇಕು.

ಆದಕಾರಣ ಇದನ್ನು ನಾಳೆಯೇ ಮಾಡಿಗೆ ಬರುವ ವಸ್ತುವೆಂದು ನಂಬುವದು ಬೇಡ. ಅಸಾಧ್ಯವೆಂದು ತಳ್ಳುವದೂ ಬೇಡ. ಬೆಳಕು ಎಲ್ಲರ ಅಂಗಳಕ್ಕೂ ಸಮನಾಗಿ ಬೀಳುವದು, ಭೂಮಿಯಾದರೋ ಮಿತವಾದದ್ದು. ಮಿತವಾದುದನ್ನು ಕಾಯ್ದು, ಅಮಿತವಾದುದನ್ನು ಪೋಲು ಮಾಡದೆ ಬಳಸುವದೇ ವಿವೇಕವು. ಚಿಪ್ಪನ್ನು ಕಾಲಿನಿಂದ ಒದ್ದು ಮುಂದೆ ನಡೆಯುವ ಬಾಲಕನು ಒಂದು ಕ್ಷಣ ನಿಂತು, ಈ ಬಣ್ಣವು ಎಲ್ಲಿಂದ ಬಂತೆಂದು ಕೇಳಲಿ. ಆ ಪ್ರಶ್ನೆಯಿಂದಲೇ ಈ ವಿದ್ಯೆಯು ಬೆಳೆದು ಬಂದಿದೆ. ಊರಿನ ಗದ್ದೆಯು ಗದ್ದೆಯಾಗಿಯೇ ಉಳಿದು ಮನೆಮನೆಯಲ್ಲಿ ದೀಪವು ಬೆಳಗುವದೂ ಅಂಥ ಪ್ರಶ್ನೆಗಳನ್ನು ಕೇಳುವ ಮಕ್ಕಳಿಂದಲೇ ಸಾಧ್ಯವಾಗುವದು.