ಹಲಗೆಯ ಮೇಲಿನ ಪುಟ್ಟ ಗಿರಾಕಿ

ನಮ್ಮಲ್ಲಿ ಬಹಳಷ್ಟು ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ; ಭಾನುವಾರವಾದರೆ ಕಾಲಿಡಲೂ ಜಾಗವಿಲ್ಲ. ಆ ಭಾನುವಾರದ ಸಾಲಿನಲ್ಲಿ ಅಪ್ಪನ ಬೆರಳು ಹಿಡಿದ ಮಗುವೊಂದು ಇದ್ದೇ ಇರುತ್ತದೆ.

ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಮಗುವನ್ನು ಕೂರಿಸುತ್ತಾರೆ. ಕೊರಳಿಗೆ ಬಟ್ಟೆ ಸುತ್ತಿದ್ದೇ ತಡ, ತುಟಿ ನಡುಗುತ್ತದೆ. ಮಿಷನ್ನು ಗುಂಯ್ ಎಂದರೆ ಸೂರು ಹಾರಿಹೋಗುವಂಥ ಅಳು. ಕೂದಲಲ್ಲಿ ನರಗಳಿಲ್ಲ, ಕತ್ತರಿಸಿದರೆ ನೋಯುವುದಿಲ್ಲ. ಅದು ನಮಗೆ ಗೊತ್ತು. ಮಗುವಿಗೆ ಗೊತ್ತಿರುವುದು ಕಿವಿಯ ಪಕ್ಕದ ಕತ್ತರಿ ಸದ್ದು ಮಾತ್ರ. ಸಾಲದ್ದಕ್ಕೆ, 'ಅಲ್ಲಾಡಿದ್ರೆ ಕಿವಿ ಕತ್ತರಿಸಿಬಿಡ್ತಾರೆ ನೋಡು' ಎಂದು ಹೆದರಿಸುವವರೂ ನಾವೇ.

ಮೊನ್ನೆ ಒಬ್ಬ ತಂದೆಯನ್ನು ನೋಡಿದೆ. ತಾನೇ ಕುರ್ಚಿಯಲ್ಲಿ ಕೂತು, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ. 'ಅಣ್ಣಾ, ಮೊದಲು ನನ್ನದು ಸ್ವಲ್ಪ ತೆಗೀರಿ' ಎಂದ. ಅಪ್ಪನ ಕೂದಲು ಬಿತ್ತು, ಅಪ್ಪ ನಕ್ಕ. ಕನ್ನಡಿಯಲ್ಲಿ ಅದನ್ನೆಲ್ಲ ನೋಡುತ್ತಿದ್ದ ಮಗ ಮೆಲ್ಲಗೆ ತಲೆ ಬಗ್ಗಿಸಿದ. ಅಂಗಡಿಯವರೂ ಅವಸರ ಮಾಡಲಿಲ್ಲ. ಬಾಚಣಿಗೆಯೊಂದನ್ನು ಅವನ ಕೈಗೇ ಕೊಟ್ಟು, ಮಾತಾಡಿಸುತ್ತಲೇ ಕೆಲಸ ಮುಗಿಸಿದರು.

ಧೈರ್ಯವನ್ನು ಬಾಯಲ್ಲಿ ಹೇಳಿ ಕೊಡಲಾಗದು. ಜೊತೆಗೆ ಕೂತು ಕೊಡಬೇಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಹೀಗೆ ಜೊತೆಗೆ ಕೂರುವ ಅವಕಾಶ ಒಂದೆರಡು ತಿಂಗಳಿಗೊಮ್ಮೆ ತಾನಾಗಿ ಮನೆಬಾಗಿಲಿಗೆ ಬರುತ್ತದೆ. ಮುಂದಿನ ಸಲ ಮೊಬೈಲನ್ನು ಜೇಬಿಗಿಳಿಸಿ, ಮಗುವಿನ ಕೈ ಹಿಡಿದುಕೊಳ್ಳಿ.